ಎಲೆ ಬಿಟ್ಟು ಮರ ಬರೆಯುವುದು

1885ರ ಶರತ್ಕಾಲ. ಇಂಗ್ಲೆಂಡಿನ ವೂಸ್ಟರ್‌ಷೈರ್‌ನಲ್ಲಿರುವ ಬ್ರಾಡ್‌ವೇ ಎಂಬ ಹಳ್ಳಿ. ಅಲ್ಲಿನ ಒಂದು ತೋಟದಲ್ಲಿ ಸಂಜೆ ಹೊತ್ತು ಗೆಳೆಯರ ಜತೆ ಟೆನಿಸ್ ಆಡುತ್ತಿದ್ದ ಇಪ್ಪತ್ತೊಂಬತ್ತರ ಹರೆಯದ ಚಿತ್ರಕಾರನೊಬ್ಬ, ಬೆಳಕು ತನಗೆ ಬೇಕಾದ ಹದಕ್ಕೆ ಇಳಿದ ಕೂಡಲೇ ಆಟ ನಿಲ್ಲಿಸಿ ಕ್ಯಾನ್ವಾಸಿನ ಕಡೆ ಹೊರಡುತ್ತಿದ್ದ. ಬಿಳಿ ಉಡುಪಿನ ಇಬ್ಬರು ಹುಡುಗಿಯರು ಲಿಲ್ಲಿ ಹೂಗಳ ನಡುವೆ ನಿಂತು ಕಾಗದದ ಗೂಡುದೀಪಗಳನ್ನು ಹೊತ್ತಿಸುವ ಭಂಗಿ. ಅವನು ದೂರ ನಿಂತು ದಿಟ್ಟಿಸುತ್ತಿದ್ದ. ಥಟ್ಟನೆ ಹುಲ್ಲಿನ ಮೇಲೆ ಓಡಿ ಬಂದು ನಾಲ್ಕಾರು ಕಡೆ ಬಣ್ಣ ಇಟ್ಟು ಮತ್ತೆ ಹಿಂದಕ್ಕೆ ಸರಿಯುತ್ತಿದ್ದ. ಇದನ್ನು ಕಣ್ಣಾರೆ ಕಂಡ ಲೇಖಕ ಎಡ್ಮಂಡ್ ಗೊಸ್ ಆ ಓಡಾಟವನ್ನು ಬಾಲ ಕುಣಿಸುವ ಸಿಪಿಲೆ ಹಕ್ಕಿಗೆ ಹೋಲಿಸಿದ್ದಾನೆ. ಕೆಲವೇ ನಿಮಿಷಗಳಲ್ಲಿ ಬೆಳಕು ಹೋಗಿಬಿಡುತ್ತಿತ್ತು. ಅಂದಿನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಚಿತ್ರಕಾರನ ಹೆಸರು ಜಾನ್ ಸಿಂಗರ್ ಸಾರ್ಜೆಂಟ್. ಚಿತ್ರದ ಹೆಸರು ‘ಕಾರ್ನೇಷನ್, ಲಿಲ್ಲಿ, ಲಿಲ್ಲಿ, ರೋಸ್’. ಈಗ ಅದು ಲಂಡನ್ನಿನ ಟೇಟ್ ಬ್ರಿಟನ್‌ ಸಂಗ್ರಹದಲ್ಲಿದೆ. ಹತ್ತಿರ ಹೋಗಿ ನೋಡಿದರೆ ಹೂಗಳೆಲ್ಲ ಬರೀ ಬಣ್ಣದ ಬೀಸುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮುಸ್ಸಂಜೆಯ ತೋಟ. ಚಿತ್ರ ಕಲಿಯುವವರು ಇಂಥದ್ದನ್ನು ಕಂಡು ಬೆರಗಾಗುವುದು ಆ ಸಲೀಸಿಗೆ. ಆದರೆ ಚಿತ್ರ ಮುಗಿದದ್ದು ಮರುವರ್ಷ, 1886ರ ಶರತ್ಕಾಲದಲ್ಲಿ. ದಿನಕ್ಕೆ ಕೆಲವೇ ನಿಮಿಷಗಳಂತೆ ಎರಡು ಋತುಗಳ ಕೆಲಸ ಅದು. ಹೂ ಬಾಡಿದಾಗ ಕೃತಕ ಹೂಗಳನ್ನು ತಂದು ಗಿಡಕ್ಕೆ ಕಟ್ಟಿದ್ದರು. ಕ್ಯಾನ್ವಾಸಿನ ಎಡಬದಿಯನ್ನು ಸಾರ್ಜೆಂಟ್ ಕತ್ತರಿಸಿ ತೆಗೆದದ್ದೂ ಉಂಟು. ಓಡಿ ಬಂದು ಇಟ್ಟ ಒಂದೊಂದು ಬೀಸಿನ ಹಿಂದೆಯೂ ದೂರ ನಿಂತು ನೋಡಿದ ಹೊತ್ತಿತ್ತು.

ನಮ್ಮ ಕಲಾಶಾಲೆಗಳಲ್ಲಿ, ಭಾನುವಾರ ಬೆಳಿಗ್ಗೆ ಹಲಗೆ ಹಿಡಿದು ಊರು ಸುತ್ತುವ ಸ್ಕೆಚಿಂಗ್ ಗುಂಪುಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಕೈ ತುಂಬಾ ಟೈಟ್ ಆಗಿದೆ, ಸ್ವಲ್ಪ ಲೂಸ್ ಮಾಡಿ.’ ಸಾಮಾನ್ಯವಾಗಿ ಈ ಮಾತು ತೀರಾ ಹೊಸಬರಿಗೆ ಬರುವುದಿಲ್ಲ. ಎರಡು ಮೂರು ವರ್ಷ ಕಷ್ಟಪಟ್ಟು ಅಳತೆ, ಪರ್ಸ್‌ಪೆಕ್ಟಿವ್, ನೆರಳು-ಬೆಳಕು ಕಲಿತವರಿಗೇ ಬರುತ್ತದೆ. ಮಾಡೆಲ್‌ ಆಗಿ ಕುಳಿತ ಹೆಂಗಸಿನ ಕಣ್ಣು ಮೂಗು ಎಲ್ಲ ಇರಬೇಕಾದ ಜಾಗದಲ್ಲೇ ಇವೆ, ಆದರೆ ಆಕೆ ಉಸಿರಾಡುತ್ತಿಲ್ಲ. ಕೆರೆ ಏರಿಯ ಮೇಲಿನ ಆಲದ ಮರಕ್ಕೆ ಎಲೆಗಳೆಲ್ಲ ಬಂದಿವೆ, ಮರವೇ ಬಂದಿಲ್ಲ. ಹೀಗಾದಾಗ ಕಲಿಯುವವರಿಗೆ ಆಗುವ ಸಂಕಟ ಸಣ್ಣದಲ್ಲ. ಶ್ರದ್ಧೆಯಿಂದ ಕಲಿತದ್ದೇ ಈಗ ಕಾಲಿಗೆ ತೊಡರಿದ ಹಾಗೆ ಅನಿಸತೊಡಗುತ್ತದೆ.

ಸಡಿಲ ಮಾಡಿ ಎಂದರೆ ಬಹಳ ಜನ ಕುಂಚವನ್ನು ಜೋರಾಗಿ ಆಡಿಸಲು ಹೊರಡುತ್ತಾರೆ. ಆಗ ಬಿಗಿ ಹೋಗಿ ಗಲೀಜು ಬರುತ್ತದೆ. ಈ ತಪ್ಪು ಹಳೆಯದೇ. 1566ರಲ್ಲಿ ವೆನಿಸ್‌ಗೆ ಹೋಗಿ ಇಳಿವಯಸ್ಸಿನ ಚಿತ್ರಕಾರ ಟಿಷಿಯನ್‌ನನ್ನು ಕಂಡುಬಂದ ಲೇಖಕ ಜಾರ್ಜಿಯೊ ವಸಾರಿ, ಆ ಹಿರಿಯನ ಕೊನೆಗಾಲದ ಚಿತ್ರಗಳ ಬಗ್ಗೆ ಬರೆದದ್ದು ಇಂದಿನ ತರಗತಿಗೂ ಹೊಂದುತ್ತದೆ. ದಪ್ಪ ದಪ್ಪ ಬೀಸುಗಳು, ಬಣ್ಣದ ತೇಪೆಗಳು. ಹತ್ತಿರದಿಂದ ಏನೂ ತಿಳಿಯದು, ದೂರದಿಂದ ಎಲ್ಲವೂ ಪರಿಪೂರ್ಣ. ಇದು ಶ್ರಮವಿಲ್ಲದೆ ಮಾಡಿದ ಕೆಲಸವೆಂದು ನಂಬಿ ಅನುಕರಿಸಹೊರಟ ಎಷ್ಟೋ ಮಂದಿ ಒಡ್ಡೊಡ್ಡು ಚಿತ್ರ ಬರೆದರು, ನಿಜಕ್ಕೆ ಟಿಷಿಯನ್ ಅವುಗಳ ಮೇಲೆ ಮತ್ತೆ ಮತ್ತೆ ಕೆಲಸ ಮಾಡಿದ್ದ ಎನ್ನುತ್ತಾನೆ ವಸಾರಿ. ಸಲೀಸಾಗಿ ಕಾಣುವುದು ಬೇರೆ, ಸಲೀಸಾಗಿ ಆಗುವುದು ಬೇರೆ ಎಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತು.

ಹಾಗಾದರೆ ಬಿಗಿ ಎಲ್ಲಿಂದ ಬರುತ್ತದೆ? ಒಂದು ಕಾರಣ ನಮ್ಮ ತಿಳಿವಳಿಕೆಯೇ. ಕಣ್ಣಿಗೆ ರೆಪ್ಪೆಗೂದಲಿದೆ, ಕೈಗೆ ಐದು ಬೆರಳಿವೆ, ಹಂಚಿನ ಮಾಡಿನಲ್ಲಿ ಸಾಲು ಸಾಲು ಹಂಚುಗಳಿವೆ ಎಂದು ಮನಸ್ಸಿಗೆ ಗೊತ್ತು. ಇಪ್ಪತ್ತು ಅಡಿ ದೂರದಲ್ಲಿ ಕೂತವರ ರೆಪ್ಪೆಗೂದಲು ಯಾರಿಗೂ ಕಾಣುವುದಿಲ್ಲ. ಆದರೂ ಕೈ ಅದನ್ನು ಬರೆಯುತ್ತದೆ. ಕಂಡದ್ದನ್ನು ಬಿಟ್ಟು ಗೊತ್ತಿದ್ದದ್ದನ್ನು ಬರೆಯುವ ಈ ಅಭ್ಯಾಸವೇ ಬಿಗಿಯ ಬೇರು. ಇನ್ನೊಂದು, ಕೂರುವ ರೀತಿ. ಹಲಗೆಯನ್ನು ತೊಡೆಯ ಮೇಲಿಟ್ಟು, ಮೂಗು ಕಾಗದಕ್ಕೆ ತಾಗುವಷ್ಟು ಬಾಗಿ, ಸಣ್ಣ ಕುಂಚವನ್ನು ಪೆನ್ನಿನಂತೆ ತುದಿಯಲ್ಲೇ ಅಮುಕಿ ಹಿಡಿದರೆ ಬೆರಳು ಮಾತ್ರ ಆಡುತ್ತದೆ, ಭುಜ ಆಡುವುದಿಲ್ಲ. ನಮ್ಮ ಶಾಲೆಗಳ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ತಯಾರಾಗಿ ಬಂದವರಿಗೆ ಗೆರೆ ಅಚ್ಚುಕಟ್ಟಾಗಿರಬೇಕು, ಬಣ್ಣ ಅಂಚು ದಾಟಬಾರದು ಎಂಬುದು ಮೈಗೂಡಿರುತ್ತದೆ. ಅದು ಒಳ್ಳೆಯ ಶಿಸ್ತು, ಆದರೆ ಅಷ್ಟಕ್ಕೇ ನಿಂತರೆ ಬಣ್ಣ ಗೆರೆಯೊಳಗಿನ ತುಂಬುವಿಕೆಯಾಗಿಬಿಡುತ್ತದೆ. ಒಳ್ಳೆಯ ಜಲವರ್ಣ ಕಾಗದದ ಬೆಲೆಯೂ ಕೈಯನ್ನು ಕಟ್ಟಿಹಾಕುತ್ತದೆ. ಹಾಳಾದರೆ ಎಂಬ ಭಯದಲ್ಲಿ ಯಾರ ಕೈಯೂ ಬಿಚ್ಚಿಕೊಳ್ಳದು.

ಈಚೆಗೆ ಸೇರಿದ ಕಾರಣ ಮೊಬೈಲು. ಫೋಟೊ ನೋಡಿ ಬರೆಯುವವರ ಮುಂದೆ ಎಲ್ಲವೂ ಒಂದೇ ಸ್ಫುಟತೆಯಲ್ಲಿ, ಅಲುಗಾಡದೆ ಕುಳಿತಿರುತ್ತದೆ. ಬೆರಳಿನಿಂದ ಹಿಗ್ಗಿಸಿದರೆ ಇನ್ನಷ್ಟು ವಿವರ. ಏನನ್ನು ಬಿಡಬೇಕು ಎಂದು ಅದು ಹೇಳಿಕೊಡುವುದಿಲ್ಲ.

ಬಿಡುವುದನ್ನೇ ಪಾಠವಾಗಿ ಕಲಿಸಿದ ಒಬ್ಬ ಮೇಷ್ಟರ ಕತೆ ಇಲ್ಲಿ ಬಹಳ ಮುಖ್ಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಡಲೊಳಕ್ಕೆ ಚಾಚಿಕೊಂಡ ಕೇಪ್ ಕಾಡ್‌ನ ತುದಿಯಲ್ಲಿ ಪ್ರಾವಿನ್ಸ್‌ಟೌನ್ ಎಂಬ ಮೀನುಗಾರರ ಊರಿದೆ. 1899ರಲ್ಲಿ ಚಾರ್ಲ್ಸ್ ಹಾಥಾರ್ನ್ ಅಲ್ಲಿ ಬೇಸಿಗೆ ಚಿತ್ರಶಾಲೆ ತೆರೆದ. ತರಗತಿ ನಡೆಯುತ್ತಿದ್ದದ್ದು ಬಯಲಲ್ಲಿ, ಕಡಲ ದಂಡೆಯಲ್ಲಿ. ಟೋಪಿ ಹಾಕಿಸಿದ ಮಾಡೆಲ್‌ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು. ಹಿಂದೆ ಕಣ್ಣು ಕುಕ್ಕುವ ನೀರು, ಮರಳು. ಮುಂದೆ ನೆರಳಲ್ಲಿ ಮುಳುಗಿದ ಮುಖ. ಕಣ್ಣು, ತುಟಿ, ಮೂಗಿನ ಹೊಳ್ಳೆ ಯಾವುದೂ ಸರಿಯಾಗಿ ಕಾಣದು. ಕಾಣುವುದು ಒಂದು ಕಪ್ಪು-ಕಂದು ಮುದ್ದೆ, ಅದರ ಅಂಚಿಗೆ ಬಿಸಿಲಿನ ಒಂದು ಎಳೆ. ಇಷ್ಟು ಸಾಲದೆಂಬಂತೆ, ವಿದ್ಯಾರ್ಥಿಗಳ ಕೈಗೆ ಅವನು ಕೊಡಿಸಿದ್ದು ಕುಂಚವನ್ನಲ್ಲ, ಕಿಟಕಿ ಗಾಜಿಗೆ ಪುಟ್ಟಿ ಮೆತ್ತುವ ಅಗಲ ಚಾಕುವನ್ನು. ಅದರಲ್ಲಿ ರೆಪ್ಪೆಗೂದಲು ಬರೆಯಲು ಯಾರಿಂದಲೂ ಆಗದು.

ಈ ಚಿತ್ರಗಳಿಗೆ ಅಲ್ಲಿ ‘ಮಡ್‌ಹೆಡ್’, ಅಂದರೆ ಕೆಸರುತಲೆ ಎಂದೇ ಹೆಸರಾಯಿತು. ಮುಖಲಕ್ಷಣವೇ ಇಲ್ಲದ ಮುಖಗಳು. ಆದರೆ ಹಾಥಾರ್ನ್ ಬಯಸಿದ್ದು ಸ್ಪಷ್ಟವಾಗಿತ್ತು: ಮುಖದ ನೆರಳಿನ ಬಣ್ಣಕ್ಕೂ ಅದರ ಹಿಂದಿನ ಆಕಾಶದ ಬಣ್ಣಕ್ಕೂ ಇರುವ ಸಂಬಂಧ ಸರಿಯಾಗಿ ಬಂದರೆ ಸಾಕು, ಮನುಷ್ಯ ತಾನಾಗಿ ಅಲ್ಲಿ ನಿಲ್ಲುತ್ತಾನೆ. ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣವನ್ನು ಸರಿಯಾಗಿ ಇಡಿ, ರೂಪ ಅದರಿಂದಲೇ ಬರಲಿ ಎಂಬುದು ಅವನ ಪಾಠದ ತಿರುಳು. ಒಂದನ್ನೇ ಹಿಡಿದು ತಿದ್ದುತ್ತ ಕೂರುವುದಕ್ಕಿಂತ ಹೆಚ್ಚು ಹೆಚ್ಚು ಅಧ್ಯಯನ ಚಿತ್ರಗಳನ್ನು ಮಾಡಿ ಎಂದು ಒತ್ತಾಯಿಸುತ್ತಿದ್ದ. 1930ರಲ್ಲಿ ಹಾಥಾರ್ನ್ ತೀರಿಕೊಂಡ ಮೇಲೆ, ತರಗತಿಗಳಲ್ಲಿ ಅವನು ಆಡಿದ್ದ ಮಾತುಗಳನ್ನು ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಹೆಕ್ಕಿ ಅವನ ಹೆಂಡತಿ 1938ರಲ್ಲಿ ಪುಸ್ತಕವಾಗಿ ತಂದಳು. ಚಿತ್ರ ಕಲಿಯುವವರು ಅದನ್ನು ಇಂದಿಗೂ ಓದುತ್ತಾರೆ.

ಮಡ್‌ಹೆಡ್ ಪಾಠದ ಸೊಗಸು ಇರುವುದು ಅದು ಮನುಷ್ಯಚಿತ್ರವನ್ನೂ ನಿಸರ್ಗಚಿತ್ರವನ್ನೂ ಬೇರೆ ಮಾಡದಿರುವುದರಲ್ಲಿ. ನಮ್ಮಲ್ಲಿ ಲೈಫ್ ಕ್ಲಾಸ್ ಒಳಗೆ, ಲ್ಯಾಂಡ್‌ಸ್ಕೇಪ್ ಹೊರಗೆ ಎಂಬ ವಿಂಗಡಣೆ ಗಟ್ಟಿಯಾಗಿ ಕೂತಿದೆ. ಹಾಗಾಗಿ ಹೊರಗಿನ ಚಿತ್ರಕ್ಕೆ ಒಬ್ಬ ಮನುಷ್ಯನನ್ನು ಸೇರಿಸಿದ ಕೂಡಲೇ ಅವನು ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದವನಂತೆ ನಿಲ್ಲುತ್ತಾನೆ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿನ ಬೆನ್ನಿನ ಮೇಲೆ ಆಕಾಶದ ಬೆಳಕು ಬಿದ್ದಿರುತ್ತದೆ, ಆಕೆಯ ಮುಖದ ಕೆಳಭಾಗಕ್ಕೆ ಗದ್ದೆಯ ನೀರಿನ ಹೊಳಪು ತಾಗಿರುತ್ತದೆ. ಈ ಕೊಡುಕೊಳ್ಳುವಿಕೆ ಕಂಡರೆ, ಆಕೆಯ ಬಳೆ ಎಣಿಸುವ ಅಗತ್ಯ ಬೀಳುವುದಿಲ್ಲ.

ಮನುಷ್ಯನ ಮೈಯನ್ನು ಗೆರೆಯಲ್ಲಿ ಹಿಡಿಯುವ ವಿಷಯಕ್ಕೆ ಬಂದರೆ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಲ್ಲಿ ಕಲಿಸುತ್ತಿದ್ದ ಕಿಮೊನ್ ನಿಕೊಲೈಡಿಸ್‌ನ ಹೆಸರು ಹೇಳಲೇಬೇಕು. ಅವನು 1938ರಲ್ಲಿ ತೀರಿಕೊಂಡ. ಅವನ ‘ದಿ ನ್ಯಾಚುರಲ್ ವೇ ಟು ಡ್ರಾ’ 1941ರಲ್ಲಿ ಹೊರಬಂತು. ಒಂದು ನಿಮಿಷ, ಕೆಲವೊಮ್ಮೆ ಅದಕ್ಕೂ ಕಡಿಮೆ ಹೊತ್ತಿನ ಭಂಗಿಗಳು. ಪೆನ್ಸಿಲ್ ಎತ್ತದೆ, ಮೈ ಹೇಗಿದೆ ಎಂಬುದಕ್ಕಿಂತ ಅದು ಏನು ಮಾಡುತ್ತಿದೆ ಎಂಬುದನ್ನು ಬರೆಯಬೇಕು. ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎತ್ತ ವಾಲಿದೆ, ಬೆನ್ನು ಎಲ್ಲಿ ತಿರುಗಿದೆ ಎಂಬಷ್ಟೇ. ಜೆಸ್ಚರ್ ಎಂದು ಕರೆಯುವ ಈ ಅಭ್ಯಾಸ ಈಗ ಎಲ್ಲ ಕಲಾಶಾಲೆಗಳಿಗೂ ಪರಿಚಿತ. ಆದರೆ ಅದೇ ಪುಸ್ತಕ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಭ್ಯಾಸವನ್ನೂ ಜತೆಜತೆಗೇ ಮಾಡಿಸುತ್ತದೆ. ಕಾಗದದ ಕಡೆ ನೋಡದೆ, ಮಾಡೆಲ್‌ನ ಮೈಯ ಅಂಚಿನ ಮೇಲೆ ಕಣ್ಣನ್ನು ಇರುವೆಯ ನಡಿಗೆಯಲ್ಲಿ ನಡೆಸುತ್ತ, ಅಷ್ಟೇ ನಿಧಾನವಾಗಿ ಪೆನ್ಸಿಲನ್ನೂ ನಡೆಸುವುದು. ಬಿರುಸು ಮತ್ತು ನಿಧಾನ ಎರಡನ್ನೂ ಒಟ್ಟಿಗೆ ಕಲಿಸಿದ್ದರಿಂದಲೇ ಆ ಪಾಠ ಗಟ್ಟಿ. ಬರೀ ಒಂದು ನಿಮಿಷದ ಗೆರೆಗಳನ್ನು ವರ್ಷಗಟ್ಟಲೆ ಗೀಚಿದವರ ಕೈ ಸಡಿಲವಾಗುತ್ತದೆ, ಆದರೆ ಆ ಗೆರೆ ಯಾವ ಮೈಯನ್ನೂ ಮುಟ್ಟುವುದಿಲ್ಲ.

ಬೆಂಗಳೂರಿನ ಕಲಾ ವಿದ್ಯಾರ್ಥಿಗಳು ಕೆ.ಆರ್. ಮಾರುಕಟ್ಟೆಗೂ ರೈಲು ನಿಲ್ದಾಣಕ್ಕೂ ಸ್ಕೆಚ್ ಪುಸ್ತಕ ಹಿಡಿದು ಹೋಗುವುದು ಹಳೆಯ ರೂಢಿ. ಹೂವಿನ ರಾಶಿಯ ಹಿಂದೆ ಕೂತವರು, ಮೂಟೆ ಹೊತ್ತ ಹಮಾಲರು, ಪ್ಲಾಟ್‌ಫಾರ್ಮಿನ ಮೇಲೆ ಟ್ರಂಕಿಗೆ ಒರಗಿ ನಿದ್ದೆ ಹೋದವರು. ಯಾರೂ ಚಿತ್ರಕ್ಕಾಗಿ ನಿಲ್ಲುವುದಿಲ್ಲ, ಎಲ್ಲರಿಗೂ ಅವರವರ ಕೆಲಸ. ಸ್ಟುಡಿಯೊದಲ್ಲಿ ಗಡಿಯಾರ ಇಟ್ಟು ಕಲಿಸುವುದನ್ನು ಸಂತೆ ತಾನಾಗಿ ಕಲಿಸುತ್ತದೆ.

ನಿಸರ್ಗಚಿತ್ರದಲ್ಲಿ ಆ ಗಡಿಯಾರ ಸೂರ್ಯನೇ. ಫ್ರಾನ್ಸಿನ ಪಿಯರ್-ಹೆನ್ರಿ ದ ವಾಲೆನ್ಸಿಯೆನ್ 1800ರಲ್ಲಿ ಪ್ರಕಟಿಸಿದ ಪರ್ಸ್‌ಪೆಕ್ಟಿವ್ ಕುರಿತ ಪುಸ್ತಕದಲ್ಲಿ ಹೊರಗೆ ಕೂತು ಬರೆಯುವವರಿಗೆ ಕಟ್ಟುನಿಟ್ಟಿನ ಸಮಯ ಗೊತ್ತುಮಾಡಿದ್ದ: ಹೆಚ್ಚೆಂದರೆ ಎರಡು ಗಂಟೆ, ಸೂರ್ಯೋದಯ, ಸೂರ್ಯಾಸ್ತವಾದರೆ ಅರ್ಧ ಗಂಟೆ. ಅದಕ್ಕೂ ಮೀರಿ ಕೂತರೆ ನೆರಳುಗಳು ಬೇರೆ ಕಡೆ ತಿರುಗಿ, ಬೆಳಗಿನ ಒಂಬತ್ತರ ಮರದ ಬುಡಕ್ಕೆ ಹನ್ನೊಂದರ ನೆರಳು ಬರುತ್ತದೆ. ಎಲೆ ಎಲೆಯಾಗಿ ಬರೆಯಲು ಹೊತ್ತೇ ಇಲ್ಲದಂತೆ ಮಾಡುವ ನಿಯಮ ಅದು.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ದಿಣ್ಣೆಯ ಮೇಲೆ ನಿಂತು ಮೋಡಗಳನ್ನು ಎಣ್ಣೆಬಣ್ಣದಲ್ಲಿ ಬರೆದ. ಸಣ್ಣ ಕಾಗದಗಳು, ದೊಡ್ಡ ಬೀಸುಗಳು. ಎಷ್ಟೋ ಚಿತ್ರಗಳ ಬೆನ್ನಿಗೆ ತಾರೀಕು, ಗಂಟೆ, ಗಾಳಿ ಬೀಸುತ್ತಿದ್ದ ದಿಕ್ಕನ್ನೂ ಬರೆದಿಟ್ಟಿದ್ದಾನೆ. ಅಷ್ಟು ಸಡಿಲವಾದ ಚಿತ್ರಗಳ ಹಿಂದೆ ಹವಾಮಾನ ಇಲಾಖೆಯವರಂಥ ಲೆಕ್ಕ! ಮೋಡದ ಅಂಚು ಯಾಕೆ ಅಲ್ಲಿ ಗಟ್ಟಿ, ಇಲ್ಲಿ ಯಾಕೆ ಕರಗಿದೆ ಎಂಬುದು ಗೊತ್ತಿದ್ದ ಕಾರಣವೇ ಅವನ ಕೈ ಹಾಗೆ ಆಡುತ್ತಿತ್ತು.

ಅದೇ ಕಾನ್‌ಸ್ಟೆಬಲ್‌ನ ‘ದಿ ಹೇ ವೇನ್’ ಚಿತ್ರದ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಕಲಿಯುವವರಿಗೆ ದೊಡ್ಡ ಪಾಠ. ಮುಗಿಸಿದ ಚಿತ್ರ 1821ರದು, ಸುಮಾರು 130 ಸೆಂಟಿಮೀಟರ್ ಎತ್ತರ, 185 ಸೆಂಟಿಮೀಟರ್ ಅಗಲ; ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದಕ್ಕೆ ಮೊದಲು ಅದೇ ಅಳತೆಯ ಕ್ಯಾನ್ವಾಸಿನ ಮೇಲೆ ಅವನು ಮಾಡಿಕೊಂಡ ಕರಡು ಅದೇ ಊರಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕರಡಿನಲ್ಲಿ ಕಂದು ಬಣ್ಣದ ತಳ ಅಲ್ಲಲ್ಲಿ ಹಾಗೇ ಇಣುಕುತ್ತದೆ. ಮರಗಳು ಕಪ್ಪು-ಹಸಿರಿನ ರಾಶಿಗಳು, ನೀರಿನ ಮೇಲೆ ಬಿಳಿಯ ಒರಟು ಗೀಟುಗಳು. ಮುಂಭಾಗದಲ್ಲಿ ಕುದುರೆ ಮೇಲೆ ಕೂತವನೊಬ್ಬನಿದ್ದ. ಮುಗಿಸಿದ ಚಿತ್ರದಲ್ಲಿ ಅವನಿಲ್ಲ. ಆರಡಿ ಅಗಲದ ಕ್ಯಾನ್ವಾಸನ್ನು ಬರೀ ತನ್ನ ತೀರ್ಮಾನಗಳಿಗಾಗಿ ಖರ್ಚು ಮಾಡುವ ಧೈರ್ಯ ಅಂದು ಅಪರೂಪದ್ದು. ಅವನ ಕಾಲದವರು ಈ ಕರಡುಗಳನ್ನು ಪ್ರದರ್ಶನದಲ್ಲಿ ನೋಡಲಿಲ್ಲ. ಇಂದು ಬಹಳ ಚಿತ್ರಕಾರರು ಮುಗಿದ ಚಿತ್ರಕ್ಕಿಂತ ಕರಡನ್ನೇ ಹೆಚ್ಚು ಮೆಚ್ಚುತ್ತಾರೆ. ಹಾಗೆಂದು ಮುಗಿಸಿದ ಚಿತ್ರವನ್ನು ಬಿಗಿ ಎಂದು ತಳ್ಳಿಹಾಕುವುದು ಅನ್ಯಾಯ. ಅದರ ತಣ್ಣನೆಯ ನೀರು, ಗಾಡಿಯ ಗಾಲಿಗೆ ತಾಗಿದ ಬೆಳಕು ಆ ಕರಡಿಲ್ಲದೆ ಬರುತ್ತಿರಲಿಲ್ಲ.

ಇಷ್ಟೆಲ್ಲದರಿಂದ ಕಲಿಯುವವರಿಗೆ ಉಳಿಯುವುದೇನು? ಎಲ್ಲ ಗುರುಗಳೂ ಬೇರೆ ಬೇರೆ ಕಡೆಯಿಂದ ಒಂದೇ ಕೆಲಸ ಮಾಡಿದ್ದಾರೆ: ವಿವರ ಬರೆಯಲು ಬೇಕಾದ ಸಲಕರಣೆಯನ್ನೋ ಹೊತ್ತನ್ನೋ ಬೆಳಕನ್ನೋ ಕಿತ್ತುಕೊಂಡಿದ್ದಾರೆ. ಸಡಿಲವಾಗು ಎಂದು ಕೈಗೆ ಆಜ್ಞೆ ಮಾಡಿದರೆ ಅದು ಕೇಳುವುದಿಲ್ಲ. ಬೇರೆ ದಾರಿ ಇಲ್ಲದಂತೆ ಮಾಡಿದರೆ ಕಣ್ಣು ಮೊದಲು ದಾರಿ ಹುಡುಕುತ್ತದೆ, ಕೈ ಅದರ ಹಿಂದೆ ಹೋಗುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು ಬೇಕಾದಷ್ಟಿದೆ. ಇದೀಗ ಬಳಸುವ ಕುಂಚಕ್ಕಿಂತ ಎರಡು ಪಟ್ಟು ಅಗಲದ್ದನ್ನು ತೆಗೆದುಕೊಂಡು, ಹಿಡಿಯ ಹಿಂತುದಿಯಲ್ಲಿ ಹಿಡಿದು, ನಿಂತು ಬರೆಯುವುದು. ಸಣ್ಣ ಕುಂಚಗಳನ್ನು ಕೊನೆಯ ಹತ್ತು ನಿಮಿಷದವರೆಗೆ ಚೀಲದಲ್ಲೇ ಬಿಡುವುದು. ಕಣ್ಣನ್ನು ಅರ್ಧ ಮುಚ್ಚಿ ನೋಡುವುದು. ಆಗ ಸಣ್ಣಪುಟ್ಟದೆಲ್ಲ ಅಳಿಸಿಹೋಗಿ ದೊಡ್ಡ ನೆರಳು, ದೊಡ್ಡ ಬೆಳಕು ಮಾತ್ರ ಉಳಿಯುತ್ತವೆ. ಬಣ್ಣಕ್ಕೆ ಕೈ ಹಾಕುವ ಮೊದಲು ಅಂಗೈ ಅಗಲದ ಕಾಗದದಲ್ಲಿ ಬಿಳಿ, ಬೂದು, ಕಪ್ಪು ಎಂಬ ಮೂರೇ ಟೋನಿನಲ್ಲಿ ಇಡೀ ಚಿತ್ರ ಮಾಡಿಕೊಳ್ಳುವುದು. ಈ ಐದು ನಿಮಿಷದ ಕೆಲಸವನ್ನು ಹಾರಿಸಿದವರೇ ಆಮೇಲೆ ಎರಡು ಗಂಟೆ ತಿದ್ದುತ್ತ ಕೂರುತ್ತಾರೆ. ಬಣ್ಣಗಳನ್ನೂ ಕಡಿಮೆ ಮಾಡಬಹುದು. ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್‌ನಲ್ಲಿ ಇರುವುದು ನಾಲ್ಕೇ ಬಣ್ಣ: ಹಳದಿ ಓಕರ್, ವರ್ಮಿಲಿಯನ್ ಕೆಂಪು, ಕಪ್ಪು, ಬಿಳಿ. ಆಯ್ಕೆ ಕಡಿಮೆಯಾದಷ್ಟೂ ಗಮನ ನೆರಳು-ಬೆಳಕಿನ ಕಡೆ ಹೋಗುತ್ತದೆ.

ಅಂಚುಗಳ ಮಾತು ಬೇರೆಯಾಗಿಯೇ ಹೇಳಬೇಕು. ಬಿಗಿಯಾದ ಚಿತ್ರದಲ್ಲಿ ಎಲ್ಲ ಅಂಚೂ ಒಂದೇ ಹರಿತ. ನಿಜದಲ್ಲಿ ಕಪ್ಪು ಕೂದಲು ಕತ್ತಲ ಗೋಡೆಯೊಳಗೆ ಕರಗಿರುತ್ತದೆ, ನೆರಳಿನ ಭುಜ ನೆರಳಿನ ಮರಕ್ಕೆ ಅಂಟಿಕೊಂಡಿರುತ್ತದೆ. ಕೆನ್ನೆಯ ಮೇಲೆ ಬಿಸಿಲು ಬಿದ್ದ ಒಂದೇ ಕಡೆ ಅಂಚು ಕತ್ತರಿಸಿದಂತೆ ಕಾಣುತ್ತದೆ. ಎಲ್ಲಿ ಅಂಚು ಬಿಡಬೇಕು, ಎಲ್ಲಿ ಇಡಬೇಕು ಎಂದು ಗೊತ್ತಾದ ದಿನ ಅರ್ಧ ಬಿಗಿ ಕಳಚುತ್ತದೆ. ಜಲವರ್ಣದಲ್ಲಿ ಇದು ಒದ್ದೆಯ ಹದದ ಪ್ರಶ್ನೆ. ಕಾಗದ ಹಸಿಯಾಗಿದ್ದಾಗ ಇಟ್ಟ ಬಣ್ಣ ಹರಡುತ್ತದೆ, ಒಣಗಿದ ಮೇಲೆ ಇಟ್ಟದ್ದು ಅಂಚು ಕಟ್ಟುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಬೇಗ ಒಣಗದು, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕುಂಚ ಎತ್ತುವಷ್ಟರಲ್ಲಿ ಒಣಗಿರುತ್ತದೆ. ಹಾಗಾಗಿ ಊರು ಬದಲಾದರೆ ಕೈಯ ಲಯವೂ ಬದಲಾಗಬೇಕು. ಎಲ್ಲೇ ಆದರೂ ಅರೆ ಒಣಗಿದ ವಾಶಿಗೆ ಮತ್ತೆ ಕೈ ಹಾಕಿದರೆ ಚಿತ್ರ ಮಂಕಾಗುತ್ತದೆ.

ನಮ್ಮ ನಾಡಿನ ಇಬ್ಬರು ಸಹಪಾಠಿಗಳ ದಾರಿ ಈ ವಿಷಯಕ್ಕೆ ಬೇರೊಂದು ಬೆಳಕು ಕೊಡುತ್ತದೆ. ಬಂಗಾಳದ ನಂದಲಾಲ್ ಬೋಸ್ ಮತ್ತು ಮೈಸೂರಿನ ಕೆ. ವೆಂಕಟಪ್ಪ (1886–1965) ಇಬ್ಬರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. 1913ರಲ್ಲಿ ಬಂದ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕಕ್ಕೆ ಇಬ್ಬರೂ ಚಿತ್ರ ಬರೆದಿದ್ದಾರೆ. ಇಬ್ಬರದೂ ಆಗ ನವಿರಾದ ವಾಶ್, ಸೂಕ್ಷ್ಮ ಗೆರೆ. ಮುಂದೆ 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಾಂಧೀಜಿಯ ಕೋರಿಕೆಯಂತೆ ನಂದಲಾಲರು ಅಧಿವೇಶನದ ಜಾಗವನ್ನು ಸಿಂಗರಿಸಬೇಕಾಯಿತು. ನೂರಾರು ಫಲಕಗಳು ಬೇಕು. ಅವರೂ ಅವರ ಜತೆಗಾರರೂ ಸೇರಿ ಮಾಡಿದ್ದು ಸುಮಾರು 400. ಕೈಕಾಗದ, ಮಣ್ಣಿನ ಬಣ್ಣಗಳು, ದಪ್ಪ ಕುಂಚ. ಡೋಲು ಬಡಿಯುವವ, ಬಟ್ಟೆ ಹೊಲಿಯುವ ದರ್ಜಿ, ಕುಸ್ತಿ ಆಡುವವರು, ಭತ್ತ ಕುಟ್ಟುವ ಹೆಂಗಸರು ಎಲ್ಲರೂ ನಾಲ್ಕಾರು ಬೀಸಿನಲ್ಲಿ ಎದ್ದು ನಿಂತರು. ನಡೆದುಹೋಗುವ ಹಳ್ಳಿಗರು ದೂರದಿಂದಲೇ ನೋಡಬೇಕಾದ ಚಿತ್ರಗಳು ಅವು. ಕಾಗದ, ಅಳತೆ, ನೋಡುಗರು, ಸಮಯ ಎಲ್ಲವೂ ಒಟ್ಟಿಗೆ ಬದಲಾದಾಗ ಕೈಯೂ ಬದಲಾಯಿತು. ಅದರ ಹಿಂದೆ ಮೂರು ದಶಕಗಳ ಗೆರೆಯ ಸಾಧನೆ ಇತ್ತು ಎಂಬುದನ್ನು ಮರೆಯುವಂತಿಲ್ಲ.

ವೆಂಕಟಪ್ಪನವರು ಆ ಕಡೆ ಹೋಗಲಿಲ್ಲ. ಊಟಿಯಲ್ಲಿ, ಕೊಡೈಕೆನಾಲ್‌ನಲ್ಲಿ ಕೂತು ಅವರು ಬರೆದ ಜಲವರ್ಣಗಳಲ್ಲಿ ಬೆಟ್ಟದ ಮೇಲೆ ಮಂಜು ಏಳುವುದು, ಮೋಡ ಒಡೆಯುವುದು ಎಲ್ಲವೂ ಅತ್ಯಂತ ಸಾವಧಾನದ ಕೆಲಸ. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತಿದ್ದ ಆ ಮನುಷ್ಯನಿಗೆ ಶಿಸ್ತು ಉಸಿರಾಗಿತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರಿದೆ. ಅವರ ಊಟಿ ಚಿತ್ರಗಳನ್ನು ಬಿಗಿ ಎಂದು ಯಾರಾದರೂ ಟೀಕಿಸಿದರೆ ಅದು ಚಿತ್ರ ನೋಡಲು ಬಾರದವರ ಮಾತು. ಅಲ್ಲಿ ಒಂದೊಂದು ವಿವರವೂ ಇಡೀ ಚಿತ್ರದ ಬೆಳಕಿಗೆ ತಲೆಬಾಗಿದೆ. ಸಡಿಲವಾಗಿ ಬರೆಯುವುದೇ ಆಧುನಿಕ, ವಿವರವಾಗಿ ಬರೆಯುವುದು ಹಿಂದುಳಿದದ್ದು ಎಂಬ ತೂಕ ತರಗತಿಗಳಲ್ಲಿ ಸದ್ದಿಲ್ಲದೆ ನುಸುಳಿದೆ. ಅದರಿಂದ ನಿಧಾನದ ಸ್ವಭಾವದ ಎಷ್ಟೋ ಮಕ್ಕಳು ತಮ್ಮ ಬಲವನ್ನೇ ಕುಂದು ಎಂದು ತಿಳಿದು ಕೊರಗುತ್ತಾರೆ. ಅವರಿಗೂ ಈ ಅಭ್ಯಾಸಗಳು ಬೇಕು, ಆದರೆ ಅವರನ್ನು ಬೇರೆ ಮಾಡಲೆಂದಲ್ಲ. ವಿವರ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಆರಿಸಿಕೊಳ್ಳಲು.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ (1911–1996) ಲಯವನ್ನು ಮೈಯಲ್ಲೇ ಅರಿಯಲು ಕಥಕ್ ನೃತ್ಯ ಕಲಿತವರು. ಅವರ ರೇಖಾಚಿತ್ರಗಳ ಸಂಕಲನಕ್ಕೆ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರು. ನರ್ತಕಿಯ ಇಡೀ ಮೈ ಕೆಲವೇ ಗೆರೆಗಳಲ್ಲಿ ತಿರುಗಿ ನಿಲ್ಲುವುದನ್ನು ಅಲ್ಲಿ ನೋಡಬೇಕು. ಮುಂಬಯಿಯ ಜೆ.ಜೆ. ಕಲಾಶಾಲೆಯ ಕಟ್ಟುನಿಟ್ಟಾದ ತರಬೇತಿಯ ಮೇಲೆ ನಿಂತ ಗೆರೆ ಅದು.

ಹೊರಾಂಗಣ ಚಿತ್ರಕ್ಕೆ ನಮ್ಮ ದೊಡ್ಡ ಹೆಸರು ರುಮಾಲೆ ಚನ್ನಬಸವಯ್ಯನವರದು (1910–1988). ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಚಿತ್ರಕಲೆಯಿಂದ ದೂರವಾಗಿದ್ದ ಅವರು ನಡುವಯಸ್ಸು ದಾಟಿದ ಮೇಲೆ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮರದ ಎದುರೇ ನಿಂತು ಬರೆದರು. ಗುಲ್‌ಮೊಹರ್, ಜಕರಂಡಾಗಳ ಹೂಗಳು ಅವರ ಕ್ಯಾನ್ವಾಸಿನಲ್ಲಿ ಎಸಳಾಗಿ ಬರುವುದಿಲ್ಲ, ಬಣ್ಣದ ಗುಚ್ಛಗಳಾಗಿ ಬರುತ್ತವೆ. ಆದರೂ ಯಾವ ಮರ ಎಂದು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ತಡವಾಗಿ ಕಲಿಯಲು ಕುಳಿತವರಿಗೆ, ಕೆಲಸದಿಂದ ನಿವೃತ್ತರಾಗಿ ಬಣ್ಣ ಕೊಂಡವರಿಗೆ ರುಮಾಲೆಯವರಿಗಿಂತ ಒಳ್ಳೆಯ ಜತೆ ಸಿಗದು.

ಸಡಿಲವಾಗಿ ಬರೆಯತೊಡಗಿದವರಿಗೆ ಎದುರಾಗುವ ಕೊನೆಯ ತೊಡಕು ಬೇರೆ ಥರದ್ದು. ಮನೆಯವರೋ ನೆರೆಯವರೋ ಚಿತ್ರ ನೋಡಿ ‘ಇನ್ನೂ ಮುಗಿದಿಲ್ಲವಾ?’ ಎನ್ನುತ್ತಾರೆ. ಈ ಪ್ರಶ್ನೆ ಲಂಡನ್ನಿನ ನ್ಯಾಯಾಲಯದವರೆಗೂ ಹೋಗಿದೆ. ಜೇಮ್ಸ್ ವಿಸ್ಲರ್‌ ಬರೆದ ರಾತ್ರಿಯ ಬಾಣಬಿರುಸಿನ ಚಿತ್ರವೊಂದನ್ನು 1877ರಲ್ಲಿ ನೋಡಿದ ವಿಮರ್ಶಕ ಜಾನ್ ರಸ್ಕಿನ್, ಬಣ್ಣದ ಡಬ್ಬಿಯನ್ನು ಜನರ ಮುಖಕ್ಕೆ ಎರಚಿದ ಹಾಗಿದೆ ಎಂಬರ್ಥದಲ್ಲಿ ಬರೆದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ. 1878ರ ನವೆಂಬರ್‌ನಲ್ಲಿ ನಡೆದ ವಿಚಾರಣೆಯಲ್ಲಿ, ಎರಡು ದಿನದ ಕೆಲಸಕ್ಕೆ 200 ಗಿನಿ ಕೇಳುತ್ತೀರಾ ಎಂಬ ಪಾಟೀಸವಾಲಿಗೆ, ಇಡೀ ಬದುಕಿನ ತಿಳಿವಳಿಕೆಗೆ ಆ ಬೆಲೆ ಎಂದು ಉತ್ತರ ಕೊಟ್ಟ. ಮೊಕದ್ದಮೆ ಗೆದ್ದ, ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಆ ಕಾಲದ ಅತಿ ಚಿಕ್ಕ ನಾಣ್ಯಗಳಲ್ಲೊಂದು. ಖರ್ಚಿನ ಹೊರೆಯಲ್ಲಿ 1879ರಲ್ಲಿ ದಿವಾಳಿಯಾದ.

ಮುಗಿಯಿತು ಎನ್ನುವುದು ಯಾವಾಗ ಎಂಬ ತೀರ್ಮಾನ ಚಿತ್ರಕಾರರದೇ ಆಗಬೇಕು, ಮತ್ತು ಅದನ್ನೂ ಕಲಿಯಬಹುದು. ಬಿಗಿ ತರುವ ಅದೇ ಮೊಬೈಲು ಇಲ್ಲಿ ಸಹಾಯಕ್ಕೆ ಬರುತ್ತದೆ. ಬರೆಯುವಾಗ ಕಾಲು ಗಂಟೆಗೊಮ್ಮೆ ಚಿತ್ರದ ಫೋಟೊ ತೆಗೆದಿಟ್ಟು, ರಾತ್ರಿ ಅವನ್ನೆಲ್ಲ ಸಾಲಾಗಿ ನೋಡಿದರೆ ಚಿತ್ರ ಯಾವ ಹಂತದವರೆಗೆ ಜೀವಂತವಾಗಿತ್ತು ಎಂಬುದು ಎದ್ದು ಕಾಣುತ್ತದೆ. ಎಷ್ಟೋ ಸಲ ಅದು ಮೂರನೆಯದೋ ನಾಲ್ಕನೆಯದೋ ಫೋಟೊ. ಅದರ ನಂತರದ್ದೆಲ್ಲ ಮುಖದ ಸಣ್ಣ ಭಾಗಗಳನ್ನೋ ಮರದ ಕೊಂಬೆಗಳನ್ನೋ ಮತ್ತೆ ಮತ್ತೆ ಮುಟ್ಟಿದ ಗುರುತು. ಮುಂದಿನ ಸಲ ಆ ಹಂತಕ್ಕೆ ಬಂದಾಗ ಕುಂಚ ತೊಳೆದಿಟ್ಟು ಅರ್ಧ ಗಂಟೆ ಅಡ್ಡಾಡಿ ಬಂದು, ದೂರದಿಂದ ನೋಡಿ, ಇನ್ನು ಯಾವ ಎರಡು ಬೀಸು ಬೇಕು ಎಂದು ನಿರ್ಧರಿಸಿಕೊಂಡ ಮೇಲೆಯೇ ಬಣ್ಣಕ್ಕೆ ಕೈ ಹಾಕಬಹುದು.